ಹೊಲಿಸಿದ ಲೆದರ್ ಜಾಕೆಟ್ ಮೈಗೆ ಸರಿಯಾಗಿ ಕೂರದಿದ್ದರೆ ಏನು ಮಾಡಬೇಕು?

ಅಳತೆ ಕೊಟ್ಟು, ಚರ್ಮ ಆರಿಸಿ, ಕಾದು ಹೊಲಿಸಿದ ಜಾಕೆಟ್ ಮನೆಗೆ ಬಂತು. ಹಾಕಿ ನೋಡಿದರೆ ಎಲ್ಲೋ ಒಂದು ಕಡೆ ಸರಿ ಇಲ್ಲ. ಸೊಂಟದ ಹತ್ತಿರ ದೊಗಳೆ, ಇಲ್ಲವೇ ತೋಳು ಬೆರಳಿನ ತನಕ ಉದ್ದ, ಇಲ್ಲವೇ ಜಿಪ್ ಹಾಕಿದರೆ ಉಸಿರು ಕಟ್ಟುತ್ತದೆ. ಷರ್ಟ್ ಆಗಿದ್ದರೆ ರಸ್ತೆ ತಿರುವಿನ ಆಲ್ಟ್ರೇಷನ್ ಅಂಗಡಿಗೆ ಕೊಟ್ಟು ಸಂಜೆಗೆ ವಾಪಸ್ ತರಬಹುದಿತ್ತು. ಲೆದರ್‌ನಲ್ಲಿ ಹಾಗೆ ನಡೆಯುವುದಿಲ್ಲ.

ಬಟ್ಟೆಯಲ್ಲಿ ಸೂಜಿ ಎಳೆಗಳ ನಡುವೆ ನುಸುಳಿ ಹೋಗುತ್ತದೆ. ಹೊಲಿಗೆ ಬಿಚ್ಚಿ, ನೀರು ಚಿಮುಕಿಸಿ ಇಸ್ತ್ರಿ ಮಾಡಿದರೆ ಗುರುತು ಹೆಚ್ಚೂಕಮ್ಮಿ ಮಾಯ. ಚರ್ಮದಲ್ಲಿ ಸೂಜಿ ತೂತು ಮಾಡಿಕೊಂಡೇ ಹೋಗುತ್ತದೆ. ಆ ತೂತು ಮತ್ತೆ ಮುಚ್ಚುವುದಿಲ್ಲ. ಅದಕ್ಕೇ ಲೆದರ್ ಜಾಕೆಟ್ಟನ್ನು ಒಳಕ್ಕೆ ಹಿಡಿಯಬಹುದು, ಹೊರಕ್ಕೆ ಬಿಡಲು ಬರುವುದಿಲ್ಲ. ಹಿಡಿದಾಗ ಹಳೆಯ ತೂತಿನ ಸಾಲು ಒಳಗಿನ ಮಾರ್ಜಿನ್‌ಗೆ, ಅಂದರೆ ಹೊಲಿಗೆಯಿಂದಾಚೆ ಒಳಗೆ ಉಳಿಯುವ ಅಂಚಿಗೆ, ಸೇರಿಹೋಗುತ್ತದೆ. ಬಿಟ್ಟರೆ ಅದೇ ಸಾಲು ಎದುರಿಗೆ ಬಂದು ನಿಲ್ಲುತ್ತದೆ. ಬಿಡುತ್ತೇವೆ ಅಂದರೂ ಒಳಗೆ ಮಾರ್ಜಿನ್ ಎಲ್ಲಿದೆ? ಸಾಮಾನ್ಯವಾಗಿ ಅರ್ಧ ಇಂಚಿಗಿಂತ ಜಾಸ್ತಿ ಬಿಟ್ಟಿರುವುದಿಲ್ಲ. ಬಿಟ್ಟಿದ್ದನ್ನೂ ಸೊಲ್ಯೂಷನ್ ಹಚ್ಚಿ, ಎರಡು ಪಕ್ಕಕ್ಕೆ ಮಡಚಿ, ಸುತ್ತಿಗೆಯಲ್ಲಿ ಬಡಿದು ಅಂಟಿಸಿರುತ್ತಾರೆ.

ಹಾಗಾಗಿ ಇಲ್ಲಿ ಕೆಲಸದ ಮುಕ್ಕಾಲು ಪಾಲು ಸೂಜಿ ಮುಟ್ಟುವ ಮೊದಲೇ ಮುಗಿಯಬೇಕು.

1. ಕೆಲವು ದಿನ ಸುಮ್ನೆ ಹಾಕಿಕೊಳ್ಳಿ

ಹೊಸ ಲೆದರ್ ಜಾಕೆಟ್ ಸ್ವಲ್ಪ ಬಿಗಿಯಾಗಿಯೇ ಇರಬೇಕು. ಅಂಗಡಿಯವರು ಹೀಗೆ ಹೇಳಿದಾಗ ಸಬೂಬು ಅನಿಸುತ್ತದೆ, ಆದರೆ ಮಾತು ನಿಜ. ಮೈ ಬಿಸಿಗೆ, ಓಡಾಟಕ್ಕೆ ಚರ್ಮ ಬಗ್ಗುತ್ತದೆ. ಬೆನ್ನಿನ ಅಗಲ, ಎದೆ, ಮೊಣಕೈ ಈ ಕಡೆಗಳಲ್ಲಿ ನಿಧಾನವಾಗಿ ಸಡಿಲವಾಗುತ್ತದೆ. ಎಷ್ಟು ಎನ್ನುವುದು ಚರ್ಮದ ಮೇಲೆ ನಿಂತಿದೆ. ನಾಪಾ ಎಂದು ಮಾರುವ ಮೆತ್ತನೆ ಕುರಿ ಚರ್ಮ 0.7ರಿಂದ 0.9 ಮಿ.ಮೀ. ದಪ್ಪ ಇರುತ್ತದೆ, ಬೇಗ ಒಗ್ಗುತ್ತದೆ. ಬೈಕ್ ಜಾಕೆಟ್‌ಗೆ ಹಾಕುವ ಹಸುವಿನ ಚರ್ಮ 1.1ರಿಂದ 1.3 ಮಿ.ಮೀ. ದಪ್ಪ. ಅದು ತಿಂಗಳುಗಟ್ಟಲೆ ಹಟ ಮಾಡುತ್ತದೆ.

ತೋಳಿನ ಉದ್ದದ ಬಗ್ಗೆ ಅಂತೂ ಅವಸರ ಮಾಡಲೇಬೇಡಿ. ಮೊಣಕೈ ಒಳಬದಿಯಲ್ಲಿ ಮಡಿಕೆ ಬಿದ್ದು ಕೂತ ಮೇಲೆ ತೋಳು ತಾನಾಗೇ ಅರ್ಧ ಇಂಚಿನ ಆಸುಪಾಸು ಮೇಲೇರುತ್ತದೆ. ಬಂದ ದಿನವೇ ಕತ್ತರಿಸಿದರೆ ಆಮೇಲೆ ಮಣಿಕಟ್ಟು ಹೊರಗೆ ಕಾಣುತ್ತದೆ.

ಎರಡು ಮೂರು ವಾರ ದಿನಕ್ಕೆ ಒಂದಷ್ಟು ಹೊತ್ತು ಹಾಕಿಕೊಂಡು ಓಡಾಡಿ. ಕೈ ಮಡಚಿ, ಕೂತು, ಎದ್ದು, ಗಾಡಿ ಓಡಿಸಿ. ಬೆಂಗಳೂರು, ಮಡಿಕೇರಿ ಕಡೆಯವರಿಗೆ ಇದು ಕಷ್ಟ ಅಲ್ಲ. ಮಂಗಳೂರು, ರಾಯಚೂರಿನವರು ಏಪ್ರಿಲ್‌ನಲ್ಲಿ ಈ ಪ್ರಯೋಗಕ್ಕೆ ಇಳಿಯಬೇಡಿ, ಅಷ್ಟೇ.

ಬೇಗ ಒಗ್ಗಲಿ ಅಂತ ನೀರಲ್ಲಿ ನೆನೆಸಿ ಹಾಕಿಕೊಳ್ಳುವುದು, ಹೇರ್ ಡ್ರೈಯರ್ ಹಿಡಿಯುವುದು, ಬಿಸಿಲಿಗೆ ಒಡ್ಡುವುದು, ಇವೆಲ್ಲ ಬೇಡ. ಒದ್ದೆ ಚರ್ಮಕ್ಕೆ ಬಿಸಿ ಜಾಸ್ತಿ ತಗುಲಿದರೆ ಸುರುಟಿ ಗಟ್ಟಿಯಾಗುತ್ತದೆ, ಮತ್ತೆ ಮೊದಲಿನಂತೆ ಆಗುವುದಿಲ್ಲ. ಒಳಗಿನ ಲೈನಿಂಗ್ ಬೇರೆ ಮುದುಡುತ್ತದೆ. ಸಡಿಲ ಇರುವ ಜಾಕೆಟ್ಟನ್ನು ಬಿಸಿ ಕೊಟ್ಟು ಕುಗ್ಗಿಸುವ ಉಪಾಯವೂ ಇದೇ ಜಾತಿಯದು. ಕುಗ್ಗುವುದೇನೋ ಕುಗ್ಗುತ್ತದೆ, ಆದರೆ ನಿಮಗೆ ಬೇಕಾದ ಕಡೆಯೇ ಕುಗ್ಗುತ್ತದೆ ಅನ್ನುವ ಖಾತ್ರಿ ಇಲ್ಲ.

ಎಷ್ಟು ಹಾಕಿಕೊಂಡರೂ ಬದಲಾಗದವು ಎರಡು: ಭುಜದ ಅಗಲ, ಮೈ ಉದ್ದ. ಅವು ತಪ್ಪಿದ್ದರೆ ಕಾಯುವುದರಲ್ಲಿ ಅರ್ಥ ಇಲ್ಲ, ನೇರ ಮೂರನೇ ಹೆಜ್ಜೆಗೆ ಹೋಗಿ.

2. ಎಲ್ಲಿ ತೊಂದರೆ ಅಂತ ಕಂಡುಹಿಡಿಯಿರಿ

ಜಾಕೆಟ್ ಒಳಗೆ ಮಾಮೂಲಾಗಿ ಏನು ಹಾಕುತ್ತೀರೋ ಅದನ್ನೇ ಹಾಕಿಕೊಳ್ಳಿ. ಟೀ ಷರ್ಟ್ ಹಾಕುವವರು ಟೀ ಷರ್ಟ್, ಚಳಿ ದೇಶಕ್ಕೆ ಹೊರಟವರು ಸ್ವೆಟರ್. ಜಿಪ್ ಪೂರ್ತಿ ಹಾಕಿ. ಯಾರಿಗಾದರೂ ಹೇಳಿ ಮುಂದೆ, ಹಿಂದೆ, ಪಕ್ಕದಿಂದ ಮೊಬೈಲ್‌ನಲ್ಲಿ ಫೋಟೋ ತೆಗೆಸಿ. ಕನ್ನಡಿಯಲ್ಲಿ ನಾವು ನೆಟ್ಟಗೆ ನಿಂತು ಹೊಟ್ಟೆ ಒಳಗೆಳೆದುಕೊಳ್ಳುತ್ತೇವೆ, ಫೋಟೋದಲ್ಲಿ ಆ ಆಟ ಸ್ವಲ್ಪ ಕಮ್ಮಿ. ಬೆನ್ನು ಕಾಣುವುದೂ ಫೋಟೋದಲ್ಲೇ.

ಈಗ ಸುಕ್ಕು ನೋಡಿ. ಜಿಪ್‌ನಿಂದ ಎರಡೂ ಪಕ್ಕಕ್ಕೆ ಗೆರೆಗಳು ಎಳೆದಂತೆ ಕಂಡರೆ ಆ ಮಟ್ಟದಲ್ಲಿ ಬಿಗಿ ಇದೆ ಅಂತ ಅರ್ಥ. ಕಂಕುಳಿನಿಂದ ಬೆನ್ನಿನ ಕಡೆಗೆ ಗೆರೆ ಹೊರಟಿದ್ದರೆ ಬೆನ್ನಿನ ಅಗಲ ಸಾಲದು. ಕಾಲರ್ ಕೆಳಗೆ ಬೆನ್ನ ಮೇಲೆ ಅಡ್ಡ ಮಡಿಕೆ ಬಂದಿದ್ದರೆ ನಿಮ್ಮ ಭುಜದ ಇಳಿಜಾರಿಗೂ ಜಾಕೆಟ್‌ನ ಇಳಿಜಾರಿಗೂ ಹೊಂದಿಲ್ಲ, ಅದು ಪಕ್ಕ ಹಿಡಿದರೆ ಹೋಗುವ ಸಮಸ್ಯೆ ಅಲ್ಲ. ಉದ್ದಕ್ಕೆ ಬೀಳುವ ಸಡಿಲ ಮಡಿಕೆಗಳು ಅಗಲ ಜಾಸ್ತಿ ಇದೆ ಅನ್ನುತ್ತವೆ. ಇವನ್ನು ಸರಿಪಡಿಸುವುದೇ ಸುಲಭ.

ಆಮೇಲೆ ಅಲ್ಲಾಡಿ. ಎರಡೂ ಕೈ ಮುಂದಕ್ಕೆ ಚಾಚಿ. ಮೇಲಕ್ಕೆತ್ತಿ. ಕುರ್ಚಿ ಮೇಲೆ ಕೂರಿ. ನಿಂತಾಗ ಹೀರೋ ತರ ಕಾಣುವ ಎಷ್ಟೋ ಜಾಕೆಟ್‌ಗಳು ಮಸಾಲೆ ದೋಸೆ ಮುಂದೆ ಕೂತಾಗ ಬಣ್ಣ ಬಯಲು ಮಾಡುತ್ತವೆ. ಕೈ ಎತ್ತಿದಾಗ ಜಾಕೆಟ್ ಪೂರ್ತಿ ಮೇಲೆ ಬಂದರೆ ಆರ್ಮ್‌ಹೋಲ್ (ತೋಳು ಬಂದು ಕೂಡುವ ಸುತ್ತು) ತುಂಬ ಕೆಳಗಿದೆ ಅಂತ ಅರ್ಥ. ಇಂಥ ಜಾಕೆಟ್ಟಿನ ಪಕ್ಕ ಹಿಡಿದರೆ ಇನ್ನೂ ಕಷ್ಟ, ಕೈ ಎತ್ತುವುದಕ್ಕೆ ಇದ್ದ ಸಡಿಲವೂ ಹೋಗುತ್ತದೆ.

3. ಟೇಪ್ ಹಿಡಿಯಿರಿ, ಹೊಲಿದವರಿಗೆ ಹೇಳಿ

ಜಾಕೆಟ್ಟಿನ ಜಿಪ್ ಹಾಕಿ ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ, ಎಳೆಯಬೇಡಿ. ಒಂದು ಕಂಕುಳಿನ ಹೊಲಿಗೆಯಿಂದ ಇನ್ನೊಂದರ ತನಕ ಅಳೆದು ಎರಡರಿಂದ ಗುಣಿಸಿ. ಅದು ಎದೆಯ ಸುತ್ತಳತೆ. ಸೊಂಟಕ್ಕೂ ಕೆಳ ಅಂಚಿಗೂ ಹೀಗೇ. ಭುಜವನ್ನು ಹಿಂದಿನಿಂದ, ತೋಳಿನ ಒಂದು ಹೊಲಿಗೆಯಿಂದ ಇನ್ನೊಂದಕ್ಕೆ ಅಳೆಯಿರಿ. ತೋಳನ್ನು ಭುಜದ ಹೊಲಿಗೆಯಿಂದ ಕೈ ಅಂಚಿಗೆ, ಬೆನ್ನಿನ ಉದ್ದವನ್ನು ಕಾಲರ್ ಬುಡದಿಂದ ಕೆಳಗೆ.

ಟೀ ಷರ್ಟ್ ಮೇಲೆ ಹಾಕುವ ಜಾಕೆಟ್‌ಗೆ ಎದೆಯ ಸುತ್ತ ಮೈ ಅಳತೆಗಿಂತ 3ರಿಂದ 4 ಇಂಚು ಜಾಸ್ತಿ ಇದ್ದರೆ ಸಾಕು. ಒಳಗೆ ಸ್ವೆಟರ್ ಬೇಕೆಂದರೆ 5ರಿಂದ 6. ಇದಕ್ಕಿಂತ ಕಮ್ಮಿ ಮಾಡಲು ಹೊರಟವರಿಗೆ ನನ್ನದೊಂದು ಮನವಿ: ಮೈಗೆ ಅಂಟಿದ ಹಾಗಿರುವ ಜಾಕೆಟ್ ಫೋಟೋಗೆ ಮಾತ್ರ ಚೆನ್ನ.

ನೀವು ಕೊಟ್ಟ ಅಳತೆ ಚೀಟಿ ತೆಗೆದು ಪಕ್ಕದಲ್ಲಿಟ್ಟು ನೋಡಿ. ಚೀಟಿಗೂ ಜಾಕೆಟ್‌ಗೂ ವ್ಯತ್ಯಾಸ ಇದ್ದರೆ ತಪ್ಪು ಹೊಲಿದವರದು. ಟೇಪ್ ಕಾಣುವಂತೆ ಫೋಟೋ ತೆಗೆದು ಕಳಿಸಿ. ಬೇರೆಯವರ ಹತ್ತಿರ ಬಿಚ್ಚಿಸುವ ಮೊದಲೇ ಇದು ಆಗಬೇಕು. ಇನ್ನೊಬ್ಬರು ಒಂದು ಹೊಲಿಗೆ ಬಿಚ್ಚಿದರೂ ಸಾಕು, "ನಾವು ಕೊಟ್ಟಾಗ ಸರಿಯಿತ್ತು" ಅನ್ನುವ ಮಾತು ಬರುತ್ತದೆ. ಅಳತೆ ನೀವೇ ತಪ್ಪಾಗಿ ಕೊಟ್ಟಿದ್ದರೂ ಮೊದಲು ಅವರನ್ನೇ ಕೇಳುವುದು ಲಾಭ. ಕತ್ತರಿಸಿದ ಪೇಪರ್ ಪ್ಯಾಟರ್ನ್ ಅವರ ಹತ್ತಿರ ಇರುತ್ತದೆ, ಅದೇ ಲಾಟಿನ ಚರ್ಮ ಉಳಿದಿದ್ದರೂ ಇರಬಹುದು. ಧಾರಾವಿಯಲ್ಲೋ ಚೆನ್ನೈನಲ್ಲೋ ಹೊಲಿಸಿದ್ದರೆ ಕೊರಿಯರ್ ಖರ್ಚು ಬೀಳುತ್ತದೆ, ಆದರೂ ಲೆಕ್ಕ ಹಾಕಿ ನೋಡಿ.

ಇನ್ನೂ ಹೊಲಿಸದೆ ಇದನ್ನು ಓದುತ್ತಿರುವವರಿಗೆ ಒಂದು ಮಾತು. ಆರ್ಡರ್ ಕೊಡುವಾಗಲೇ ಅದೇ ಚರ್ಮದ ಒಂದೆರಡು ಅಂಗೈ ಅಗಲದ ತುಂಡು ಕೇಳಿ ಇಸಿದುಕೊಳ್ಳಿ. ಕಪ್ಪಾದರೆ ಹೇಗೋ ಹೊಂದಿಸಬಹುದು. ಕಂದು ಬಣ್ಣ ಒಂದು ಲಾಟಿನಿಂದ ಇನ್ನೊಂದಕ್ಕೆ ಖಂಡಿತ ಬೇರೆ ಕಾಣುತ್ತದೆ.

4. ಬಿಗಿ ಆಗಿದ್ದರೆ

ಮೊದಲು ಲೈನಿಂಗ್ ಮೇಲೆ ಅನುಮಾನ ಪಡಿ. ಚರ್ಮ ಬಗ್ಗುತ್ತದೆ, ಒಳಗಿನ ಪಾಲಿಯೆಸ್ಟರ್ ಸ್ಯಾಟಿನ್ ಬಗ್ಗುವುದಿಲ್ಲ. ಸರಿಯಾಗಿ ಹೊಲಿದ ಜಾಕೆಟ್‌ನ ಲೈನಿಂಗ್‌ಗೆ ಬೆನ್ನಿನ ನಡುವೆ ಮೇಲಿನಿಂದ ಕೆಳಕ್ಕೆ ಒಂದು ನೆರಿಗೆ ಇಟ್ಟಿರುತ್ತಾರೆ, ಕೈ ಮುಂದೆ ಚಾಚಿದಾಗ ಅದು ಬಿಚ್ಚಿಕೊಳ್ಳಲಿ ಅಂತ. ಬಟ್ಟೆ ಉಳಿಸಲು ಕೆಲವರು ಇದನ್ನು ಬಿಟ್ಟುಬಿಡುತ್ತಾರೆ. ಕೈ ಚಾಚಿ ನಿಂತು, ಬೇರೆಯವರಿಗೆ ಹೇಳಿ ಬೆನ್ನಿನ ಮೇಲೆ ಹೊರಗಿನ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ನೋಡಲು ಹೇಳಿ. ಚರ್ಮ ಕೈಗೆ ಸಿಕ್ಕಿ, ಒಳಗೆ ಮಾತ್ರ ನಿಮಗೆ ಎಳೆದಂತೆ ಅನಿಸಿದರೆ ತೊಂದರೆ ಲೈನಿಂಗ್‌ನದು. ಕಂಕುಳಿನ ಹತ್ತಿರ ಲೈನಿಂಗ್ ಹೊಲಿಗೆ ಕಿತ್ತು ಬರುತ್ತಿದ್ದರೂ ಅದೇ ಕಾರಣ. ಲೈನಿಂಗ್ ಬದಲಿಸುವುದು ಬಟ್ಟೆ ಕೆಲಸ. ಚರ್ಮಕ್ಕೆ ಹೊಸ ತೂತು ಬೀಳುವುದಿಲ್ಲ.

ಒಳಗೆ ಭುಜದ ಪ್ಯಾಡ್, ಹತ್ತಿಯ ಪದರ, ಬೈಕ್ ಜಾಕೆಟ್ ಆಗಿದ್ದರೆ ಆರ್ಮರ್ (ಬಿದ್ದಾಗ ಪೆಟ್ಟು ತಡೆಯುವ ಪ್ಯಾಡ್) ಇವೆಯೇ ನೋಡಿ. ಅವು ಇಲ್ಲದೆ ಹಾಕಿ ನೋಡಿದಾಗ ಸರಿ ಕೂತರೆ, ಪ್ಯಾಡ್ ತೆಳ್ಳಗಿನದು ಹಾಕಿಸಿದರೆ ಮುಗಿಯಿತು.

ನಿಜವಾಗಿಯೂ ಚರ್ಮವೇ ಸಾಲದಿದ್ದರೆ ದಾರಿ ಒಂದೇ, ತುಂಡು ಸೇರಿಸುವುದು. ಪಕ್ಕದ ಹೊಲಿಗೆ ಬಿಚ್ಚಿ ಕಂಕುಳಿನಿಂದ ಕೆಳಗಿನ ತನಕ ಒಂದು ಉದ್ದ ಪಟ್ಟಿ ಕೊಡುತ್ತಾರೆ. ಪ್ರತಿ ಪಕ್ಕಕ್ಕೂ 1 ಇಂಚು ಕಾಣುವ ಪಟ್ಟಿ ಕೊಟ್ಟರೆ ಸುತ್ತಳತೆ 2 ಇಂಚು ಹೆಚ್ಚುತ್ತದೆ. ಪಟ್ಟಿ ಮೇಲೆ ಕೂರುವ ಹೊಸ ಹೊಲಿಗೆ ಹಳೆಯ ತೂತಿನ ಸಾಲಿಗಿಂತ ಕೂದಲೆಳೆಯಷ್ಟು ಒಳಗೆ ಬರಬೇಕು, ಆಗ ತೂತು ಮರೆಯಾಗುತ್ತದೆ. ಬಣ್ಣ ಹೊಂದುವ ಚರ್ಮ ಸಿಗದಿದ್ದರೆ ಹೊಂದಿಸಲು ಒದ್ದಾಡಬೇಡಿ. ಬೇಕಂತಲೇ ಬೇರೆ ಹಾಕಿಸಿ, ಕಪ್ಪು ಸ್ವೀಡೋ (ಮಖಮಲ್ಲಿನಂಥ ಮೇಲ್ಮೈಯ ಚರ್ಮ), ಎಳೆದರೆ ಹಿಗ್ಗುವ ದಪ್ಪ ಬಟ್ಟೆಯೋ. ಅರೆಬರೆ ಹೊಂದಿದ ಕಂದು ಬಣ್ಣಕ್ಕಿಂತ ಪೂರ್ತಿ ಬೇರೆ ಬಣ್ಣವೇ ಕಣ್ಣಿಗೆ ಹಿತ. ಕೈ ಎತ್ತುವುದಕ್ಕೆ ಮಾತ್ರ ತೊಂದರೆ ಇದ್ದರೆ ಕಂಕುಳಿಗೆ ವಜ್ರಾಕಾರದ ಒಂದು ತುಂಡು ಸಾಕು.

5. ಸಡಿಲ ಆಗಿದ್ದರೆ ಎಲ್ಲಿ ಮುಟ್ಟಬಹುದು

ಪಕ್ಕದ ಹೊಲಿಗೆ. ಅತಿ ಹೆಚ್ಚು ಫಲ ಕೊಡುವ ಜಾಗ ಇದೇ. ಲೆಕ್ಕ ಹೀಗೆ: ಕಂಕುಳಿನಿಂದ ಕಂಕುಳಿಗೆ 23 ಇಂಚು ಬಂತು, ಅಂದರೆ ಸುತ್ತ 46. ನಿಮ್ಮ ಎದೆ 40, ಜಾಕೆಟ್ 44 ಇದ್ದರೆ ಸಾಕು. ತೆಗೆಯಬೇಕಾದ್ದು 2 ಇಂಚು. ಒಂದು ಪಕ್ಕಕ್ಕೆ 1 ಇಂಚು. ಪಕ್ಕದಲ್ಲಿ ಮುಂದಿನ ತುಂಡು, ಹಿಂದಿನ ತುಂಡು ಎರಡೂ ಸೇರಿರುವುದರಿಂದ ಹೊಲಿಗೆ ಹಳೆಯದಕ್ಕಿಂತ ಅರ್ಧ ಇಂಚು ಮಾತ್ರ ಒಳಗೆ ಬರುತ್ತದೆ. ಈ ಅರ್ಧ ಇಂಚನ್ನು ಒಂದು ಇಂಚು ಅಂತ ತಿಳಿದು ಹೊಲಿದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಟೈಲರ್‌ಗೆ ಹೇಳುವಾಗ "ಅರ್ಧ ಇಂಚು ಹಿಡೀರಿ" ಅನ್ನಬೇಡಿ. "ಒಟ್ಟು ಸುತ್ತಳತೆ 46 ಇದೆ, 44 ಆಗಬೇಕು" ಅನ್ನಿ.

ಒಟ್ಟು 2 ಇಂಚಿಗಿಂತ ಜಾಸ್ತಿ ತೆಗೆದರೆ ಮುಂದಿನ ಜೇಬುಗಳು ಪಕ್ಕಕ್ಕೆ ಓಡಿದಂತೆ ಕಾಣುತ್ತವೆ, ಕೈ ಹಾಕುವುದೂ ಕಷ್ಟ. ಕಂಕುಳಿನ ತನಕ ಹಿಡಿದರೆ ಇನ್ನೊಂದು ವಿಷಯ ಇದೆ. ಜಾಕೆಟ್‌ನ ಆರ್ಮ್‌ಹೋಲ್ ಚಿಕ್ಕದಾಯಿತು, ತೋಳಿನ ಸುತ್ತು ಹಾಗೇ ಉಳಿಯಿತು, ಎರಡೂ ಕೂಡುವುದು ಹೇಗೆ? ಆದ್ದರಿಂದ ಕಂಕುಳಿನ ಕೆಳಗೆ ತೋಳಿನ ಹೊಲಿಗೆಯನ್ನೂ ಕೆಲವು ಇಂಚು ಬಿಚ್ಚಿ, ತೋಳನ್ನೂ ಅಷ್ಟೇ ಹಿಡಿದು, ಮತ್ತೆ ಕೂಡಿಸಬೇಕು. ಸೊಂಟದಲ್ಲಿ ಮಾತ್ರ ಸಡಿಲ ಇದ್ದರೆ ಈ ತಾಪತ್ರಯ ಇಲ್ಲ. ಕೆಳಗಿನಿಂದ ಹಿಡಿದು ಬಂದು ಕಂಕುಳಿನ ಹತ್ತಿರ ಹಳೆಯ ಹೊಲಿಗೆಗೆ ಸೇರಿಸಿಬಿಡಬಹುದು.

ಸೇರಿಸುವ ಆ ಜಾಗವನ್ನು ಹತ್ತಿರದಿಂದ ನೋಡಬೇಕು. ಎಷ್ಟೋ ಜಾಕೆಟ್‌ಗಳಲ್ಲಿ ಮುಖ್ಯ ಹೊಲಿಗೆಯ ಪಕ್ಕದಲ್ಲೇ, 2-3 ಮಿ.ಮೀ. ದೂರದಲ್ಲಿ, ಮೇಲೆ ಕಾಣುವ ಇನ್ನೊಂದು ಸಾಲು ಹೊಲಿಗೆ ಇರುತ್ತದೆ. ಬಿಚ್ಚಿದ ಮೇಲೆ ಅದರ ತೂತೂ ಉಳಿಯುತ್ತದೆ. ಅರ್ಧ ಇಂಚು ಹಿಡಿದ ಕಡೆ ಅದೂ ಒಳಗೆ ಹೋಗುತ್ತದೆ, ಚಿಂತೆ ಇಲ್ಲ. ಆದರೆ ಹೊಸ ಹೊಲಿಗೆ ಹಳೆಯದಕ್ಕೆ ಓರೆಯಾಗಿ ಬಂದು ಸೇರುವ ಕೊನೆಯ ಒಂದೆರಡು ಇಂಚಿನಲ್ಲಿ ತೂತು ಮೈಮೇಲೆ ಕಾಣುತ್ತದೆ. ಆದ್ದರಿಂದ ಆ ಕೊನೆ ಕೈ ಇಳಿಬಿಟ್ಟಾಗ ಮುಚ್ಚಿಹೋಗುವ ಕಂಕುಳಿನ ಕೆಳಗೇ ಬರಬೇಕು. ಅಲ್ಲಿ ಹೊಸ ಮೇಲ್ಹೊಲಿಗೆಯನ್ನು ಹಳೆಯ ತೂತುಗಳಲ್ಲೇ ಕೂರಿಸುತ್ತಾ ಹೋಗಬೇಕು. ಇದೇ ಕಾರಣಕ್ಕೆ ಮೇಲ್ಹೊಲಿಗೆ ಇರುವ ಜಾಕೆಟ್ಟನ್ನು ಎಳ್ಳಷ್ಟು ಮಾತ್ರ ಹಿಡಿಸುವುದು ಹಿಡಿಸದೇ ಇರುವುದಕ್ಕಿಂತ ಕೆಟ್ಟದು.

ತೋಳಿನ ಉದ್ದ. ಕೈ ಅಂಚು ಸಾದಾ ಇದ್ದರೆ ಸುಲಭ. ಲೈನಿಂಗ್ ಬಿಚ್ಚಿ, ಅಂಟಿಸಿದ ಮಡಿಕೆ ಬಿಡಿಸಿ, ಒಳಗೆ ಮಡಚಲು ಇಂಚು, ಇಂಚೂಕಾಲು ಇಟ್ಟು ಕತ್ತರಿಸಿ, ಮತ್ತೆ ಅಂಟಿಸಿ ಹೊಲಿಯುತ್ತಾರೆ. ಅಂಚಿನಲ್ಲಿ ಜಿಪ್ ಇದ್ದರೆ ಅದನ್ನು ಕಳಚಿ, ಗಿಡ್ಡ ಮಾಡಿ, ಮತ್ತೆ ಕೂರಿಸಬೇಕು, ಕೆಲಸ ಮೂರು ಪಟ್ಟು. ಅರ್ಧ ಇಂಚಿಗೋಸ್ಕರ ಇದಕ್ಕೆ ಕೈ ಹಾಕಬೇಡಿ.

ಮೈ ಉದ್ದ. ಕೆಳಗೆ ಕತ್ತರಿಸಿದರೆ ಆಯಿತಲ್ಲ ಅನಿಸುತ್ತದೆ. ಮುಂದಿನ ಜಿಪ್ ನೋಡಿ. ಎರಡು ಭಾಗ ಬೇರೆ ಆಗುವ ಜಿಪ್‌ಗೆ ಕೆಳತುದಿಯಲ್ಲಿ ಕಡ್ಡಿ, ಡಬ್ಬಿ ಇರುತ್ತವೆ. ಅದನ್ನು ಕತ್ತರಿಸಿದರೆ ಜಿಪ್ಪೇ ಹೋಯಿತು. ಹಾಗಾಗಿ ಜಿಪ್ ಪೂರ್ತಿ ಬಿಚ್ಚಿ ಮೇಲಕ್ಕೆ ಸರಿಸಿ, ಮೇಲಿನ ತುದಿಯಲ್ಲಿ ಹಲ್ಲು ಕಿತ್ತು ಗಿಡ್ಡ ಮಾಡಬೇಕು, ಇಲ್ಲವೇ ಹೊಸದೇ ಹಾಕಬೇಕು. ಹೊಸದಕ್ಕೆ ದುಡ್ಡು ಕೊಡುವುದಾದರೆ ಒಳ್ಳೆ ಲೋಹದ ಹಲ್ಲಿನದನ್ನೇ ಹಾಕಿಸಿ. ಜೇಬು ಕೆಳ ಅಂಚಿಗೆ ಎಷ್ಟು ಹತ್ತಿರ ಬರುತ್ತದೆ ಅನ್ನುವುದನ್ನೂ ಮೊದಲೇ ಅಳೆಯಿರಿ. 1928ರಲ್ಲಿ ನ್ಯೂಯಾರ್ಕ್‌ನ ಅರ್ವಿಂಗ್ ಶಾಟ್ ಮಾಡಿದ ಪರ್ಫೆಕ್ಟೋ ಮಾದರಿಯ, ಓರೆ ಜಿಪ್, ಬೆಲ್ಟು, ಪಟ್ಟಿಗಳಿರುವ ಜಾಕೆಟ್ ನಿಮ್ಮದಾಗಿದ್ದರೆ ಉದ್ದದ ಆಸೆ ಬಿಟ್ಟುಬಿಡಿ. ನೇರ ಜಿಪ್ಪಿನ ಸಾದಾ ಕೆಫೆ ರೇಸರ್ ಆದರೆ ಯೋಚಿಸಬಹುದು.

ಭುಜ. ಕಾಲು ಇಂಚು, ಅರ್ಧ ಇಂಚು ಹೊರಗೆ ಇದ್ದರೆ ಹಾಗೇ ಬಿಡಿ, ಇಲ್ಲವೇ ತೆಳ್ಳಗಿನ ಪ್ಯಾಡ್ ಕೊಡಿಸಿ. ಅದಕ್ಕಿಂತ ಜಾಸ್ತಿ ಇದ್ದರೆ ತೋಳು ಪೂರ್ತಿ ಕಳಚಿ, ಭುಜ ಕತ್ತರಿಸಿ, ತೋಳಿನ ತಲೆ ತಿದ್ದಿ ಕೂರಿಸಬೇಕು. ಮಾಡುವವರು ಇದ್ದಾರೆ. ಆದರೆ ಆ ಖರ್ಚಿಗೆ ನಾನಾದರೆ ಜಾಕೆಟ್ಟನ್ನು ಅಗಲ ಭುಜದ ಯಾರಾದರೂ ನೆಂಟರಿಗೆ ಕೊಟ್ಟು ಹೊಸದು ಹೊಲಿಸುತ್ತೇನೆ.

6. ಯಾರ ಕೈಗೆ ಕೊಡಬೇಕು

ಷರ್ಟು ಪ್ಯಾಂಟು ಹೊಲಿಯುವ ಮೆಷಿನ್‌ನಲ್ಲಿ ಕೆಳಗಿನ ಹಲ್ಲುಗಳು ಬಟ್ಟೆಯನ್ನು ಎಳೆಯುತ್ತವೆ, ಮೇಲಿನ ಫುಟ್ ಒತ್ತಿ ಹಿಡಿಯುತ್ತದೆ. ಚರ್ಮಕ್ಕೆ ಲೋಹದ ಫುಟ್ ಅಂಟಿಕೊಳ್ಳುತ್ತದೆ. ಕೆಳಪದರ ಮುಂದೆ ಹೋಗುತ್ತದೆ, ಮೇಲ್ಪದರ ಹಿಂದೆ ಉಳಿಯುತ್ತದೆ. ಹೊಲಿಗೆ ಮುಗಿದಾಗ ಒಂದು ಪದರ ಕಾಲು ಇಂಚು ಉದ್ದ. ಕೆಳಗಿನ ಹಲ್ಲಿನ ಗೀರೂ ಬೀಳುತ್ತದೆ. ಇದಕ್ಕೆಂದೇ ಮೇಲಿನ ಫುಟ್ ಕೂಡ ಹೆಜ್ಜೆ ಹಾಕುವ ವಾಕಿಂಗ್ ಫುಟ್ ಮೆಷಿನ್ ಇರುತ್ತದೆ. ಕಮ್ಮಿ ಎಂದರೆ ರೋಲರ್ ಅಥವಾ ಟೆಫ್ಲಾನ್ ಫುಟ್ ಆದರೂ ಇರಬೇಕು.

ಬೆಂಗಳೂರಿನಲ್ಲಿ ಶಿವಾಜಿನಗರ, ಕಮರ್ಷಿಯಲ್ ಸ್ಟ್ರೀಟ್ ಸುತ್ತ ಕೇಳಿಕೊಂಡು ಹೋಗಿ. ಬ್ಯಾಗ್ ರಿಪೇರಿಯವರು ಚರ್ಮ ಬಲ್ಲವರು, ಆದರೆ ಮೈಗೆ ಕೂರಿಸುವ ಕೆಲಸ ಅವರದಲ್ಲ. ಜೆ.ಸಿ. ರಸ್ತೆಯ ಕಾರ್ ಸೀಟ್ ಕವರ್ ಹೊಲಿಯುವವರ ಮೆಷಿನ್ ಬಲವಾಗಿರುತ್ತದೆ. ಗುರುತು ಪಕ್ಕಾ ಹಾಕಿಕೊಟ್ಟರೆ ನೇರ ಹೊಲಿಗೆ ಚೆನ್ನಾಗಿ ಹಾಕಿಕೊಡುತ್ತಾರೆ, ಆದರೆ ತೋಳು ಕೂರಿಸಲು ಹೇಳಬೇಡಿ.

ಅಂಗಡಿ ಸರಿಯೋ ಅಲ್ಲವೋ ತಿಳಿಯಲು ಒಂದು ಚರ್ಮದ ತುಂಡು ತಗೊಂಡು ಹೋಗಿ. ಎರಡು ಪದರ ಸೇರಿಸಿ ಆರು ಇಂಚು ಹೊಲಿದು ತೋರಿಸಿ ಅನ್ನಿ. ಪದರಗಳ ತುದಿ ಸಮ ಇದೆಯೇ, ಹೊಲಿಗೆ ನೇರ ಇದೆಯೇ, ಅಡಿಯಲ್ಲಿ ಗೀರು ಬಿದ್ದಿದೆಯೇ ನೋಡಿ. "ಲೈನಿಂಗ್ ಎಲ್ಲಿಂದ ಬಿಚ್ತೀರಾ?" ಅಂತಲೂ ಕೇಳಿ. ತೋಳಿನ ಒಳಗಿನ ಲೈನಿಂಗ್ ಹೊಲಿಗೆಯಿಂದ ಅಥವಾ ಕೆಳ ಅಂಚಿನಿಂದ ಅಂದರೆ ಕೆಲಸ ಗೊತ್ತಿದೆ. "ಬಿಚ್ಚೋದೇ ಬೇಡ ಸಾರ್, ಮೇಲಿಂದಾನೇ ಹೊಡೀತೀನಿ" ಅಂದರೆ ನಮಸ್ಕಾರ ಹೇಳಿ ಬನ್ನಿ.

7. ನೀವೇ ಮಾಡುವುದಾದರೆ

ಹೊಲಿಗೆ ಅಭ್ಯಾಸ ಇದ್ದವರು, ತೆಳು ಕುರಿ ಚರ್ಮದ ಜಾಕೆಟ್ ಆದರೆ, ಸೊಂಟದ ಪಕ್ಕ ಹಿಡಿಯುವ ಕೆಲಸ ಮನೆಯಲ್ಲೇ ಮಾಡಬಹುದು. ಹಳೆಯ ಕಾಲು ಮೆಷಿನ್ ಎರಡು ಪದರ ತೆಳು ಚರ್ಮವನ್ನು ಹೊಲಿಯುತ್ತದೆ. ಹಸು, ಎಮ್ಮೆ ಚರ್ಮಕ್ಕೆ ಬೇಡ.

ಬೇಕಾದ್ದು: ತುದಿ ಚಪ್ಪಟೆಯಾಗಿ ಕತ್ತರಿಸುವಂತಿರುವ ಲೆದರ್ ಸೂಜಿ, 90 ಅಥವಾ 100 ನಂಬರಿನದು. ಗಟ್ಟಿ ಪಾಲಿಯೆಸ್ಟರ್ ದಾರ. ಹತ್ತಿ ದಾರ ಬೇಡ, ಚರ್ಮದ ಜೊತೆ ಅದು ಬೇಗ ಲಡ್ಡು ಹಿಡಿಯುತ್ತದೆ. ಪ್ಲಾಸ್ಟಿಕ್ ಕ್ಲಿಪ್‌ಗಳು, ಚಪ್ಪಲಿ ರಿಪೇರಿಯವರು ಬಳಸುವ ರಬ್ಬರ್ ಸೊಲ್ಯೂಷನ್, ಮರದ ಸುತ್ತಿಗೆ. ಗುಂಡು ಪಿನ್ನಿನ ಡಬ್ಬಿಯನ್ನು ಕಣ್ಣಿಗೆ ಕಾಣದ ಕಡೆ ಇಡಿ. ಒಂದು ಪಿನ್ ಚುಚ್ಚಿದರೂ ಒಂದು ತೂತು.

ಜಾಕೆಟ್ಟನ್ನು ಒಳಗು ಹೊರಗು ಮಾಡಿ, ಕೆಳ ಅಂಚಿನಲ್ಲಿ ಲೈನಿಂಗ್ ಬಿಚ್ಚಿ. ಪಕ್ಕದ ಹೊಲಿಗೆ ಕಾಣುತ್ತದೆ. ಅಂಟಿಸಿದ ಮಾರ್ಜಿನ್ನನ್ನು ಉಗುರಿನಿಂದ ನಿಧಾನ ಎಬ್ಬಿಸಿ, ಚಾಕು ಬೇಡ. ಕೆಳ ಅಂಚಿನ ಮಡಿಕೆಯನ್ನು ಎರಡೂ ಪಕ್ಕಕ್ಕೆ ಮೂರು ಮೂರು ಇಂಚು ಬಿಡಿಸಿ. ಮೇಲ್ಹೊಲಿಗೆ ಇದ್ದರೆ ಅದನ್ನು ಬಿಚ್ಚಿ. ಹಳೆಯ ಮುಖ್ಯ ಹೊಲಿಗೆಯನ್ನು ಮಾತ್ರ ಬಿಚ್ಚಬೇಡಿ! ಅದು ಎರಡು ಪದರಗಳನ್ನು ಜರುಗದಂತೆ ಹಿಡಿದಿಟ್ಟಿರುತ್ತದೆ.

ಈಗ ಕ್ಲಿಪ್ ಹಾಕಿ ಹಿಡಿದು, ಜಾಕೆಟ್ ಹಾಕಿಕೊಂಡು ನೋಡಿ. ಕೂರಿ, ಕೈ ಚಾಚಿ. ಸರಿ ಅನಿಸಿದ ಜಾಗವನ್ನು ಚರ್ಮದ ಒಳಮೈಯಲ್ಲಿ ಚಾಕ್‌ನಿಂದ ಗುರುತು ಮಾಡಿ. ಹೊರಮೈ ಮೇಲೆ ಪೆನ್ನು ಬೇಡ, ಕೆಲವು ಶಾಯಿ ಹೋಗುವುದೇ ಇಲ್ಲ. ಗುರುತಿಗಿಂತ ಒಂದು ನೂಲು ಸಡಿಲ ಇರಿಸಿಯೇ ಮೊದಲ ಹೊಲಿಗೆ ಹಾಕಿ. ಸಾಲದಿದ್ದರೆ ಇನ್ನೊಂದು ಸಾಲು ಒಳಗೆ ಹಾಕಬಹುದು, ಜಾಸ್ತಿ ಆದರೆ ವಾಪಸ್ ಬರಲು ಆಗದು.

ಹೊಲಿಗೆ ಉದ್ದ 3.5ರಿಂದ 4 ಮಿ.ಮೀ. ಇರಲಿ. ಚಿಕ್ಕ ಚಿಕ್ಕ ಹೊಲಿಗೆ ಗಟ್ಟಿ ಅನ್ನುವುದು ಬಟ್ಟೆಯ ಲೆಕ್ಕ. ಚರ್ಮದಲ್ಲಿ ಒತ್ತೊತ್ತಾಗಿ ತೂತು ಬಿದ್ದರೆ ಅಂಚೆ ಚೀಟಿ ಹರಿಯುವಂತೆ ಆ ಗೆರೆಯಲ್ಲೇ ಹರಿಯುತ್ತದೆ. ಶುರುವಿನಲ್ಲಿ, ಕೊನೆಯಲ್ಲಿ ಹಿಂದೆ ಮುಂದೆ ಹೊಲಿಯುವುದೂ ಬೇಡ. ದಾರದ ತುದಿ ಉದ್ದ ಬಿಟ್ಟು ಕೈಯಲ್ಲಿ ಗಂಟು ಹಾಕಿ. ಪದರ ಜಾಸ್ತಿ ಇರುವ ಕಡೆ ಕಾಲು ತೆಗೆದು ಚಕ್ರವನ್ನು ಕೈಯಲ್ಲಿ ತಿರುಗಿಸಿ.

ಹಾಕಿ ನೋಡಿ ಒಪ್ಪಿಗೆಯಾದ ಮೇಲೆ ಹಳೆಯ ಹೊಲಿಗೆ ಬಿಚ್ಚಿ, ಒಳಗೆ ಅರ್ಧ ಇಂಚು ಉಳಿಸಿ ಮಿಕ್ಕಿದ್ದು ಕತ್ತರಿಸಿ. ಮಾರ್ಜಿನ್ ಎರಡು ಪಕ್ಕಕ್ಕೆ ತೆರೆದು ತೆಳ್ಳಗೆ ಸೊಲ್ಯೂಷನ್ ಹಚ್ಚಿ. ಕೈಗೆ ಅಂಟದಷ್ಟು ಒಣಗಲು ಬಿಡಿ, ಹತ್ತು ನಿಮಿಷ ಸಾಮಾನ್ಯ. ಮಳೆ ಹಿಡಿದ ದಿನ ಇದಕ್ಕೆ ಒಳ್ಳೆಯದಲ್ಲ. ಕಿಟಕಿ ತೆರೆದಿರಲಿ, ಹತ್ತಿರ ಸ್ಟೌ ಉರಿಯುತ್ತಿರಬಾರದು. ಒತ್ತಿ ಕೂರಿಸಿ, ಮೇಲೆ ಬಟ್ಟೆ ಇಟ್ಟು ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಇಸ್ತ್ರಿ ಪೆಟ್ಟಿಗೆ ಮುಟ್ಟಬೇಡಿ. ಆಮೇಲೆ ಕೆಳ ಅಂಚು ಮಡಚಿ, ಅಂಟಿಸಿ, ಹಳೆಯ ತೂತಿನಲ್ಲೇ ಹೊಲಿಯಿರಿ. ಲೈನಿಂಗ್ ಕೂಡ ಹಿಡಿಯಬೇಕು, ಆದರೆ ಚರ್ಮಕ್ಕಿಂತ ಸ್ವಲ್ಪ ಕಮ್ಮಿ. ಒಳಗೆ ಸಡಿಲ ಇದ್ದರೇನೇ ಬಾಳಿಕೆ.

8. ಬೈಕ್ ಓಡಿಸುವವರು ಗಮನಿಸಿ

ನಿಮ್ಮ ಫಿಟಿಂಗ್ ನೋಡಬೇಕಾದ್ದು ಕನ್ನಡಿ ಮುಂದಲ್ಲ, ಗಾಡಿ ಮೇಲೆ. ಹ್ಯಾಂಡಲ್ ಹಿಡಿದಾಗ ತೋಳು ಒಂದೆರಡು ಇಂಚು ಮೇಲೇರುತ್ತದೆ, ಗ್ಲೌಸ್‌ಗೂ ತೋಳಿಗೂ ನಡುವೆ ಮಣಿಕಟ್ಟು ಬರಿದಾಗಬಾರದು. ನಿಂತಾಗ ಉದ್ದ ಅನಿಸುವ ತೋಳು ಇಲ್ಲಿ ಸರಿ ಇರುತ್ತದೆ. ಭುಜ, ಮೊಣಕೈ ಆರ್ಮರ್ ಆಯಾ ಮೂಳೆಯ ಮೇಲೇ ಕೂತಿರಬೇಕು, ಬಿದ್ದಾಗ ತಿರುಗಿ ಪಕ್ಕಕ್ಕೆ ಹೋಗಬಾರದು. ಅದರ ಮೇಲೆ ಇಎನ್ 1621-1 ಅಂತ ಯುರೋಪಿನ ಸುರಕ್ಷತಾ ಮಾನದಂಡದ ಗುರುತು ಇರುತ್ತದೆ, ಬೆನ್ನಿನದಕ್ಕೆ 1621-2. ತೋಳು ಹಿಡಿಸುವಾಗ ಆರ್ಮರ್ ಒಳಗಿಟ್ಟೇ ಅಳತೆ ಕೊಡಿ.

ಒಳ್ಳೆಯ ರೈಡಿಂಗ್ ಜಾಕೆಟ್‌ನಲ್ಲಿ ಮುಖ್ಯ ಹೊಲಿಗೆ ಒಂದರ ಮೇಲೆ ಒಂದು, ಎರಡು ಮೂರು ಸಾಲು ಇರುತ್ತದೆ. ಮೇಲಿನದು ರಸ್ತೆಗೆ ಉಜ್ಜಿ ಹೋದರೂ ಒಳಗಿನದು ಹಿಡಿದಿರಲಿ ಅಂತ. ಆಲ್ಟರ್ ಮಾಡಿದವರು ಒಂದೇ ಸಾಲು ಹಾಕಿ ಕೊಟ್ಟರೆ ನೋಡಲು ಅಷ್ಟೇ ಚೆಂದ, ಬಿದ್ದಾಗ ಬಾಯಿ ಬಿಡುತ್ತದೆ. ಬಾಂಡೆಡ್ ನೈಲಾನ್ ದಾರದಲ್ಲಿ, ಮೊದಲಿದ್ದಷ್ಟೇ ಸಾಲು ಹಾಕಲು ಹೇಳಿ. ಇಎನ್ 17092 (ಇಡೀ ಜಾಕೆಟ್ಟಿನ ಸುರಕ್ಷತೆಗೆ ದರ್ಜೆ ಕೊಡುವ ಮಾನದಂಡ) ಲೇಬಲ್ ಇರುವ ಜಾಕೆಟ್ ಆದರೆ, ಆ ದರ್ಜೆ ಕಂಪನಿ ಪರೀಕ್ಷೆಗೆ ಕೊಟ್ಟ ಹೊಲಿಗೆಗೆ ಸಿಕ್ಕಿದ್ದು, ನಿಮ್ಮೂರಿನ ಹೊಲಿಗೆಗಲ್ಲ. ಭುಜ, ಮೊಣಕೈ ಸುತ್ತಿನ ಹೊಲಿಗೆಯನ್ನು ಯಾವ ಕಾರಣಕ್ಕೂ ಬಿಚ್ಚಿಸಬೇಡಿ.

9. ವಾಪಸ್ ತರುವಾಗ

ಮಲೆನಾಡು, ಕರಾವಳಿಯವರು ಕೊಡುವ ಮೊದಲೇ ಬೂಷ್ಟು ಹಿಡಿದಿದ್ದರೆ ಒಣಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಗಾಳಿಗೆ ಹಾಕಿ ಕೊಡಿ. ತರುವಾಗ ದುಡ್ಡು ಕೊಡುವ ಮುಂಚೆ ಅಲ್ಲೇ ಹಾಕಿ ನೋಡಿ. ಎರಡು ಪಕ್ಕದ ಕೆಳ ಅಂಚು ಒಂದೇ ಮಟ್ಟಕ್ಕೆ ಬಂದಿದೆಯೇ? ಜಿಪ್ ತಡೆಯಿಲ್ಲದೆ ಮೇಲಿನ ತನಕ ಹೋಗುತ್ತದೆಯೇ? ಕೈ ಎರಡೂ ಎತ್ತಿದಾಗ ಒಳಗೆ ಲೈನಿಂಗ್ ಎಳೆಯುತ್ತದೆಯೇ? ತೋಳಿನ ಒಳಗೆ ಕೈ ಹಾಕಿ ಲೈನಿಂಗ್ ಬಿಚ್ಚಿದ ಜಾಗ ಪೂರ್ತಿ ಹೊಲಿದಿದ್ದಾರೆಯೇ ಮುಟ್ಟಿ ನೋಡಿ, ಅವಸರದಲ್ಲಿ ಮರೆತುಬಿಡುತ್ತಾರೆ. ಸೊಲ್ಯೂಷನ್ ವಾಸನೆ ಎರಡು ಮೂರು ದಿನ ಗಾಳಿಗೆ ತೂಗುಹಾಕಿದರೆ ಹೋಗುತ್ತದೆ. ಹ್ಯಾಂಗರ್ ಭುಜ ಅಗಲ ಇರುವುದಾಗಿರಲಿ, ಪ್ಲಾಸ್ಟಿಕ್ ಕವರ್ ಬೇಡ. ಕತ್ತರಿಸಿ ತೆಗೆದ ಚರ್ಮದ ಪಟ್ಟಿಗಳನ್ನು ಕೇಳಿ ತಗೊಳ್ಳಿ, ಹೊಸ ಅಳತೆ ಚೀಟಿಯ ಜೊತೆ ಒಂದು ಕವರ್‌ಗೆ ಹಾಕಿಡಿ. ಮುಂದೆ ಜೇಬಿನ ಮೂಲೆಯೋ ಜಿಪ್ ಪಕ್ಕವೋ ಹರಿದಾಗ ತೇಪೆಗೆ ಅದೇ ಬಣ್ಣದ ಚರ್ಮ ಬೇಕಾಗುತ್ತದೆ.